ಬೀದರ ಸೀಮೆಯ ಹಿತ್ತಲಿನ ನಿರುಪದ್ರವಿ ಜೇಡಗಳು

ಬೀದರ ನಗರ, ಭಾಲ್ಕಿ ಮತ್ತು ಔರಾದ ಸುತ್ತಲಿನ ಹಿತ್ತಲು, ಹೂಗಿಡ, ಬೇಲಿ, ಹೊಲದ ಬದು, ಹಳೆಯ ಕಲ್ಲುಗೋಡೆಗಳಲ್ಲಿ ದಿನವೂ ಕಣ್ಣಿಗೆ ಬೀಳುವ ಜೇಡಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯನಿಗೆ ಕೇಡು ಮಾಡದವು. ಜಗತ್ತಿನಲ್ಲಿ ಹೆಸರಿಟ್ಟು ವಿವರಿಸಿದ ಜೇಡ ಪ್ರಭೇದಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಭಾರತದಿಂದ ದಾಖಲಾದವು 1,900ಕ್ಕೂ ಹೆಚ್ಚು. ಇಷ್ಟರಲ್ಲಿ ವೈದ್ಯರು ಚಿಂತಿಸಬೇಕಾದಂಥ ವಿಷವುಳ್ಳವು ಕೆಲವೇ ಕುಲಗಳಿಗೆ ಸೇರಿವೆ.

ನಿರುಪದ್ರವಿ ಎಂದ ಮಾತ್ರಕ್ಕೆ ವಿಷವಿಲ್ಲದ್ದು ಎಂದಲ್ಲ. ಉಲೋಬೊರಿಡೇ ಎಂಬ ಕುಟುಂಬವನ್ನೂ ಇನ್ನು ಕೆಲವನ್ನೂ ಬಿಟ್ಟರೆ ಎಲ್ಲ ಜೇಡಗಳಿಗೂ ವಿಷಗ್ರಂಥಿ ಇದೆ. ನೊಣ, ಸೊಳ್ಳೆ, ಜಿಗಿಹುಳಗಳನ್ನು ನಿಶ್ಚೇಷ್ಟಗೊಳಿಸಲು ಅವಕ್ಕೆ ಅದು ಬೇಕು. ಹಿತ್ತಲಿನ ಬಹುಪಾಲು ಜೇಡಗಳ ಹಲ್ಲು ಮನುಷ್ಯನ ಚರ್ಮವನ್ನು ತೂರುವಷ್ಟು ಉದ್ದವಿಲ್ಲ. ತೂರಿದರೂ ಒಳಹೋಗುವ ವಿಷದಿಂದ ಸ್ವಲ್ಪ ಹೊತ್ತು ಉರಿ, ಒಂದಿಷ್ಟು ಬಾವು, ಅಷ್ಟೇ. ಕೈಯಲ್ಲಿ ಹಿಸುಕಿದಾಗಲೋ ಬಟ್ಟೆಯೊಳಗೆ ಸಿಕ್ಕಿಬಿದ್ದಾಗಲೋ ಕಚ್ಚುತ್ತವೆಯೇ ಹೊರತು ಅಟ್ಟಿಸಿಕೊಂಡು ಬಂದು ಕಚ್ಚುವ ಜೇಡ ಈ ಸೀಮೆಯ ಹಿತ್ತಲುಗಳಲ್ಲಿಲ್ಲ.

ಜನ ಜೇಡಕ್ಕೆ ಹೆದರುವುದು ಅದರ ಗಾತ್ರ, ಕೂದಲು, ಗಾಢ ಬಣ್ಣ ನೋಡಿ. ಗುರುತು ಹಿಡಿಯಲು ಈ ಮೂರೂ ಕೆಲಸಕ್ಕೆ ಬರುವುದಿಲ್ಲ. ಅಂಗೈ ಅಗಲದ ಗೋಡೆ ಜೇಡ ನಿರುಪದ್ರವಿ, ಹಳದಿ-ಕಪ್ಪು ಪಟ್ಟೆಯ ದೊಡ್ಡ ಬಲೆಜೇಡವೂ ನಿರುಪದ್ರವಿ; ಎಚ್ಚರ ಬೇಕಾದ ಕಂದು ವಿಧವೆ ಜೇಡ ನೋಡಲು ಸಣ್ಣದು, ಮಾಸಲು. ಸರಿಯಾದ ಗುರುತು ಸಿಗುವುದು ಬಲೆ ಎಲ್ಲಿದೆ, ಅದರ ಆಕಾರವೇನು, ಜೇಡ ಅದರಲ್ಲಿ ಹೇಗೆ ಕೂತಿದೆ, ಬಲೆಯೇ ಇಲ್ಲದಿದ್ದರೆ ಹೇಗೆ ನಡೆಯುತ್ತದೆ ಎಂಬುದರಿಂದ.

ನೆಲ ಮತ್ತು ಋತು

ಬೀದರ ನಗರ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಕೋಟೆಯ ಸುತ್ತ, ಅಷ್ಟೂರಿನ ಗುಮ್ಮಟಗಳ ದಾರಿಯಲ್ಲಿ, ನೌಬಾದಿನ ಕರೇಜ್ ಸುರಂಗದ ಆಸುಪಾಸಿನಲ್ಲಿ ಸೀತಾಫಲದ ಪೊದೆ, ಜಾಲಿ, ಬೋರೆ ಬೆಳೆದಿವೆ. ಭಾಲ್ಕಿ ಮತ್ತು ಔರಾದ ಕಡೆಗೆ ಹೋದರೆ ನೆಲ ಕಪ್ಪಾಗುತ್ತದೆ. ಸೋಯಾಬೀನ್, ತೊಗರಿ, ಹೆಸರು, ಉದ್ದು, ಹಿಂಗಾರಿಗೆ ಕಡಲೆ, ಬಿಳಿಜೋಳ, ನೀರಿದ್ದಲ್ಲಿ ಕಬ್ಬು. ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಜಲಾಶಯವಿದೆ, ಮಾಂಜ್ರಾ ನದಿ ಎರಡೂ ತಾಲೂಕುಗಳನ್ನು ಮುಟ್ಟಿ ಹರಿಯುತ್ತದೆ. ಒಣ ಪೊದೆ, ಬಿರುಕು ಬಿಡುವ ಎರೆಮಣ್ಣು, ನೀರಿನ ಅಂಚು ಮೂರೂ ಹತ್ತಿರ ಹತ್ತಿರ ಇರುವುದರಿಂದ ಜೇಡಗಳ ಬಗೆಗಳೂ ಹೆಚ್ಚು.

ಮುಂಗಾರಿನ ಆರಂಭದಲ್ಲಿ ಕಾಣುವವು ಹೆಚ್ಚಾಗಿ ಮರಿಗಳು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಚಕ್ರಬಲೆ ನೇಯುವ ಹೆಣ್ಣುಗಳು ಪೂರ್ತಿ ಬೆಳೆದಿರುತ್ತವೆ. ಹೊಸಬರು ಜೇಡ ನೋಡಲು ಶುರುಮಾಡಲು ಇದೇ ಸರಿಯಾದ ಕಾಲ. ಚಳಿಗಾಲದ ಬೆಳಗಿನಲ್ಲಿ ಹುಲ್ಲಿನ ಮೇಲಿನ ಬಲೆಗಳು ಇಬ್ಬನಿಯಿಂದ ಎದ್ದು ಕಾಣುತ್ತವೆ. ಬೇಸಿಗೆಯಲ್ಲಿ ಬಹುತೇಕವು ಕಲ್ಲಿನಡಿ, ತೊಗಟೆಯೊಳಗೆ, ಎರೆ ನೆಲದ ಬಿರುಕಿನಲ್ಲಿ ಸೇರಿಕೊಳ್ಳುತ್ತವೆ.

ಚಕ್ರಬಲೆಯ ಜೇಡಗಳು

ಹಿತ್ತಲಿನಲ್ಲಿ ಎರಡು ಗಿಡಗಳ ನಡುವೆ ನೇರವಾಗಿ ನಿಂತ ದುಂಡು ಬಲೆ, ಅದರ ನಟ್ಟನಡುವೆ ತಲೆಕೆಳಗಾಗಿ ಕೂತ ಜೇಡ ಕಂಡರೆ ನಿಶ್ಚಿಂತರಾಗಿರಬಹುದು. ಚಕ್ರಬಲೆ ನೇಯುವ ಜೇಡಗಳಲ್ಲಿ ಮನುಷ್ಯನಿಗೆ ಅಪಾಯಕಾರಿಯಾದದ್ದು ಈ ಭಾಗದಲ್ಲಿ ಒಂದೂ ಇಲ್ಲ. ಹೊಸಬರು ಮೊದಲು ಕಲಿಯಬೇಕಾದ ಗುರುತು ಇದೇ, ಏಕೆಂದರೆ ಜನ ಕೋಲು ಹಿಡಿದು ಹೊಡೆಯುವುದೂ ಹೆಚ್ಚಾಗಿ ಇವನ್ನೇ.

ಇವುಗಳಲ್ಲಿ ಎದ್ದು ಕಾಣುವುದು ಸಹಿ ಜೇಡ, ಆರ್ಜಿಯೋಪ್ ಕುಲದ್ದು. ದಾಸವಾಳ, ಕಣಗಲೆ, ಕರಿಬೇವಿನ ಗಿಡಗಳ ನಡುವೆ ಮೊಣಕಾಲಿನಿಂದ ಎದೆಯೆತ್ತರದವರೆಗೆ ಬಲೆ ಕಟ್ಟುತ್ತದೆ. ನಮ್ಮಲ್ಲಿ ಸಾಮಾನ್ಯವಾದ ಆರ್ಜಿಯೋಪ್ ಅನಸೂಜಾ ಪ್ರಭೇದವನ್ನು 1887ರಲ್ಲಿ ಸ್ವೀಡನ್ನಿನ ಟೋರೆಲ್ ವಿವರಿಸಿದ. ಹೆಣ್ಣಿನ ಹೊಟ್ಟೆ ಐದು ಮೂಲೆಯ ಗುರಾಣಿಯ ಆಕಾರದ್ದು, ಅದರ ಮೇಲೆ ಅಡ್ಡಡ್ಡ ಹಳದಿ, ಬಿಳಿ, ಕಂದು ಪಟ್ಟೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕೂರುವುದರಿಂದ ದೂರಕ್ಕೆ ನಾಲ್ಕೇ ಕಾಲಿನ ಗುಣಾಕಾರ ಚಿಹ್ನೆಯಂತೆ ಕಾಣುತ್ತದೆ. ಕಾಲುಗಳು ಚಾಚಿದ ದಿಕ್ಕಿನಲ್ಲೇ ಬಲೆಯ ಮೇಲೆ ದಪ್ಪ ಬಿಳಿ ನೂಲಿನಿಂದ ಅಂಕುಡೊಂಕಾಗಿ ಹೆಣೆದ ಪಟ್ಟಿಗಳಿರುತ್ತವೆ. ಕೆಲವು ಬಲೆಗಳಲ್ಲಿ ನಾಲ್ಕೂ ಇರುತ್ತವೆ, ಕೆಲವಲ್ಲಿ ಎರಡೇ, ಕೆಲವಲ್ಲಿ ಒಂದೂ ಇರುವುದಿಲ್ಲ. ಮರಿಗಳು ಪಟ್ಟಿಯ ಬದಲು ನಡುವೆ ದುಂಡಗಿನ ಬಿಳಿ ತಟ್ಟೆ ಹೆಣೆಯುತ್ತವೆ.

ಈ ಅಲಂಕಾರ ಯಾತಕ್ಕೆ ಎಂಬ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು, ಇನ್ನೂ ತೀರ್ಮಾನವಾಗಿಲ್ಲ. ಪಟ್ಟಿ ಅತಿನೇರಳೆ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಕರೆಯುತ್ತದೆ ಎನ್ನುವವರಿದ್ದಾರೆ. ಹಕ್ಕಿಗಳು ಬಲೆಗೆ ಬಡಿದು ಅದನ್ನು ಹಾಳುಮಾಡದಂತೆ ಎಚ್ಚರಿಸುತ್ತದೆ ಎನ್ನುವವರಿದ್ದಾರೆ. ಜೇಡದ ಮೈಯ ಗೆರೆಯನ್ನು ಒಡೆದು ಮರೆಮಾಡುತ್ತದೆ ಎಂಬ ವಾದವೂ ಇದೆ. ಒಂದೇ ಕುಲದ ಬೇರೆ ಬೇರೆ ಪ್ರಭೇದಗಳಿಗೆ ಬೇರೆ ಬೇರೆ ಲಾಭವಿರುವುದೂ ಸಾಧ್ಯ.

ಹತ್ತಿರ ಹೋಗಿ ಬಲೆಯ ಮೇಲೆ ಮೆಲ್ಲಗೆ ಊದಿದರೆ ಸಹಿ ಜೇಡ ಇಡೀ ಬಲೆಯನ್ನು ರಭಸವಾಗಿ ಹಿಂದೆಮುಂದೆ ಜೋಲಿ ಹೊಡೆಸುತ್ತದೆ, ಮೈಯ ಗೆರೆಯೇ ಮಸುಕಾಗುತ್ತದೆ. ಮೈಮೇಲೆ ಬರುತ್ತಿದೆ ಎಂದು ನೋಡುವವರು ಹಿಂದೆ ಸರಿಯುವುದು ಆಗಲೇ, ಆದರೆ ಅದು ತನ್ನನ್ನು ಕಾಣದಂತೆ ಮಾಡಿಕೊಳ್ಳುವ ಉಪಾಯ. ಇನ್ನೂ ಕೆಣಕಿದರೆ ಒಂದು ಎಳೆ ಬಿಟ್ಟುಕೊಂಡು ದೊಪ್ಪನೆ ನೆಲಕ್ಕೆ ಬಿದ್ದು ಕಸದಲ್ಲಿ ಅಡಗುತ್ತದೆ, ಗದ್ದಲ ಅಡಗಿದ ಮೇಲೆ ಅದೇ ಎಳೆ ಹಿಡಿದು ಹತ್ತಿ ಬರುತ್ತದೆ. ಹೆಣ್ಣು 8ರಿಂದ 12 ಮಿಲಿಮೀಟರ್ ಉದ್ದ, ಗಂಡು ಅದರ ಅರ್ಧವೂ ಇಲ್ಲ. ಬಲೆಯ ಅಂಚಿನಲ್ಲಿ ಕಂದು ಬಣ್ಣದ ಪುಟ್ಟ ಜೇಡವೊಂದು ಸುಮ್ಮನೆ ನಿಂತಿದ್ದರೆ ಅದು ಹೆಚ್ಚಾಗಿ ಸಮಯ ಕಾಯುತ್ತಿರುವ ಗಂಡು.

ನಿಯೋಸ್ಕೋನಾ ಕುಲದ ಜೇಡಗಳನ್ನು ಹಗಲಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಡಚಿದ ಎಲೆಯ ಮರೆಯಿಂದ ಹೊರಬಂದು ಬಲೆ ಕಟ್ಟುತ್ತವೆ. ಮೊದಲು ಗಾಳಿಗೆ ಒಂದು ಎಳೆ ತೂರಿ ಸೇತುವೆ ಹಾಕಿ, ಆಮೇಲೆ ಚೌಕಟ್ಟು, ಅರೆಗಳು, ಕೊನೆಗೆ ಅಂಟು ಸುರುಳಿ. ಅರೆಗಳು ಒಣ ನೂಲು, ಅಂಟಿರುವುದು ಸುರುಳಿಗೆ ಮಾತ್ರ. ಜೇಡ ತನ್ನ ಬಲೆಯಲ್ಲಿ ಸಿಕ್ಕಿಬೀಳದಿರುವುದಕ್ಕೆ ಇದೂ ಒಂದು ಕಾರಣ. ಹಲವು ನಿಯೋಸ್ಕೋನಾಗಳು ಬೆಳಗಾಗುವುದರೊಳಗೆ ಬಲೆಯನ್ನು ಸುತ್ತಿ ತಿಂದುಬಿಡುತ್ತವೆ, ಆ ಪ್ರೋಟೀನು ಮರುದಿನದ ನೂಲಿಗೆ ಒದಗುತ್ತದೆ. ದಪ್ಪ ಹೊಟ್ಟೆ, ಮುಳ್ಳುಗಾಲು, ಬೂದು ಕಂದು ಬಣ್ಣದ ಈ ಜೇಡ ಬಾಗಿಲ ಮುಂದಿನ ವಿದ್ಯುತ್ ದೀಪದ ಬಳಿ ಬಲೆ ಹಾಕಿದರೆ ಮನೆಯವರಿಗೆ ದಿಗಿಲು. ಅದು ಅಲ್ಲಿಗೆ ಬಂದಿರುವುದು ದೀಪಕ್ಕೆ ಮುತ್ತುವ ಪತಂಗ, ಜಿಗಿಹುಳಗಳಿಗಾಗಿ.

ಬಲೆ ನಿಲುವಾಗಿರದೆ ಓರೆಯಾಗಿಯೋ ಮಲಗಿದಂತೆಯೋ ಇದ್ದು, ಅದರಡಿಯಲ್ಲಿ ಬೆಳ್ಳಿ ಹೊಟ್ಟೆಯ ಮೇಲೆ ಹಸಿರು-ಕಪ್ಪು ಗೆರೆಯ ನಾಜೂಕು ಜೇಡ ತೂಗುತ್ತಿದ್ದರೆ ಅದು ಲ್ಯೂಕಾಜ್. ನೆರಳು ತೇವ ಇರುವ ಬಚ್ಚಲ ಹಿಂದಿನ ಗಿಡಗಳು ಅದಕ್ಕೆ ಪ್ರೀತಿ. ಅದರ ಹತ್ತಿರದ ಸಂಬಂಧಿ ಟೆಟ್ರಾಗ್ನಾಥಾ ನೀರಿನ ಪಕ್ಕದ ಜೇಡ. ಕಾರಂಜಾ ಹಿನ್ನೀರಿನ ಜೊಂಡು, ಮಾಂಜ್ರಾ ದಂಡೆಯ ಹುಲ್ಲು, ಕಾಲುವೆಯಂಚಿನಲ್ಲಿ ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ನೀಟಾಗಿ ಚಾಚಿ ಹುಲ್ಲುಗರಿಯ ಮೇಲೆ ಅಂಟಿಕೊಂಡುಬಿಡುತ್ತದೆ. ದವಡೆ ಬಲು ಉದ್ದ, ನೋಡಲು ಭಯ ಹುಟ್ಟಿಸುವಂಥದು, ಆದರೆ ಅದರ ಮುಖ್ಯ ಬಳಕೆ ಕೂಡುವಾಗ ಗಂಡು ಹೆಣ್ಣಿನ ಹಲ್ಲನ್ನು ಹಿಡಿದಿಟ್ಟುಕೊಳ್ಳುವುದು.

ಡೇರೆ, ಆಲಿಕೆ, ಕೂಡುಗೂಡು

ಪಾಪಸುಕಳ್ಳಿ ಬೇಲಿಯಲ್ಲಿ, ಕತ್ತರಿಸಿದ ಹಸಿರು ಗಿಡಸಾಲಿನಲ್ಲಿ ಕಾಣುವ ಗುಮ್ಮಟದಾಕಾರದ ಸಣ್ಣ ಕಣ್ಣಿನ ಬಲೆ ಡೇರೆ ಜೇಡದ್ದು, ಸಿರ್ಟೊಫೋರಾ ಕುಲ. ಮೇಲೆ ಕೆಳಗೆ ಗೋಜಲು ಎಳೆಗಳು, ನಡುವೆ ಬಿಗಿದ ಗುಮ್ಮಟ. ಇದರ ನೂಲಿಗೆ ಅಂಟಿಲ್ಲ. ಹಾರುವ ಹುಳ ಮೇಲಿನ ಗೋಜಲಿಗೆ ಬಡಿದು ಕೆಳಗೆ ಬಿದ್ದಾಗ ಜೇಡ ಗುಮ್ಮಟದ ಅಡಿಯಿಂದ ಹಿಡಿಯುತ್ತದೆ. ಮೊಟ್ಟೆಚೀಲಗಳನ್ನು ಒಂದರ ಕೆಳಗೊಂದು ಸರವಾಗಿ ತೂಗುಹಾಕುವುದು ದೂರದಿಂದಲೇ ಕಾಣುವ ಗುರುತು. ಒಂದೇ ಬೇಲಿಯಲ್ಲಿ ಹತ್ತಾರು ಡೇರೆಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಆದರೂ ಒಂದೊಂದು ಡೇರೆಗೆ ಒಂದೇ ಒಡತಿ.

ನಿಜವಾಗಿ ಕೂಡಿ ಬಾಳುವ ಜೇಡ ಬೇರೆಯೇ ಇದೆ. ಕುರುಚಲು ಪೊದೆ, ಜಾಲಿ, ಬೋರೆ, ಮುಳ್ಳುತಂತಿ ಬೇಲಿಯ ಮೇಲೆ ಒಣ ಎಲೆ, ಹುಳದ ರೆಕ್ಕೆ, ದುಂಬಿಯ ಚಿಪ್ಪು ಸೇರಿಸಿ ಹೆಣೆದ ಕೊಳಕು ಬಿಳಿ ಗಂಟು, ಅದರಿಂದ ನಾಲ್ಕೂ ಕಡೆ ಹರಡಿದ ಪರದೆ ಕಂಡರೆ ಅದು ಸ್ಟೆಗೊಡೈಫಸ್ ಸರಸಿನೋರಮ್. ಇಡೀ ಜಗತ್ತಿನಲ್ಲಿ ಸದಾಕಾಲ ಗುಂಪಾಗಿ ಬದುಕುವ ಜೇಡಗಳು ಬಹಳ ಕಡಿಮೆ, ಅಂಥದೊಂದು ನಮ್ಮ ದಖ್ಖನಿನ ಒಣ ಪೊದೆಗಳಲ್ಲಿ ದಾರಿಬದಿಗೇ ಸಿಗುತ್ತದೆ. ಬೂದು ಬಣ್ಣದ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಜೇಡಗಳು ಹಗಲಲ್ಲಿ ಗಂಟಿನೊಳಗಿನ ದಾರಿಗಳಲ್ಲಿ ಅಡಗಿರುತ್ತವೆ. ಪರದೆಗೆ ಮಿಡತೆ ಬಿದ್ದು ಒದ್ದಾಡಿದ ಕೂಡಲೇ ಮೂರು ನಾಲ್ಕು ಜೇಡ ಒಟ್ಟಿಗೆ ನುಗ್ಗಿ, ಒಂದು ಕಾಲು ಹಿಡಿದರೆ ಇನ್ನೊಂದು ಮೀಸೆ ಹಿಡಿದು, ತಮಗಿಂತ ಎಷ್ಟೋ ದೊಡ್ಡ ಬೇಟೆಯನ್ನು ಎಳೆದೊಯ್ದು ಹಂಚಿಕೊಂಡು ತಿನ್ನುತ್ತವೆ. ನೂಲಿನ ಮೇಲೆ ಅಂಟು ಇರುವುದಿಲ್ಲ, ಉಣ್ಣೆಯಂಥ ನವಿರು ಎಳೆಗಳೇ ಹುಳದ ಕಾಲಿನ ಮುಳ್ಳಿಗೆ ಸಿಕ್ಕಿಕೊಳ್ಳುತ್ತವೆ.

ಇವುಗಳ ಸಾಕುವ ರೀತಿ ಕಠೋರ. ತಾಯಿ ಮೊದಲು ತಾನು ತಿಂದದ್ದನ್ನು ಕಕ್ಕಿ ಮರಿಗಳಿಗೆ ಕುಡಿಸುತ್ತದೆ. ಕೊನೆಗೆ ಮರಿಗಳು ತಾಯಿಯನ್ನೇ ಹೀರಿ ಮುಗಿಸುತ್ತವೆ. ಗೂಡಿನ ಹತ್ತಿರ ನಿಂತು ಎಷ್ಟು ಹೊತ್ತು ನೋಡಿದರೂ ಮನುಷ್ಯನ ಕಡೆಗೆ ಒಂದೂ ಬರುವುದಿಲ್ಲ. ಬೇಲಿ ಸವರುವಾಗ ಈ ಗಂಟುಗಳನ್ನು ರೋಗ ಬಿದ್ದ ಕೊಂಬೆ ಎಂದು ತಿಳಿದು ಸುಡುವುದುಂಟು. ಕೊಂಬೆಗೆ ಅವುಗಳಿಂದ ರೋಗ ಬರುವುದಿಲ್ಲ.

ಹುಲ್ಲುಹಾಸಿನ ಮೇಲೆ, ಹೊಲದ ಬದುವಿನಲ್ಲಿ ಚಳಿಗಾಲದ ಬೆಳಿಗ್ಗೆ ಇಬ್ಬನಿ ಹೊತ್ತ ಹಾಳೆಯಂಥ ಬಲೆಗಳು ನೂರಾರು ಕಾಣುತ್ತವೆ. ಒಂದು ಮೂಲೆಯಲ್ಲಿ ಆಲಿಕೆಯಾಗಿ ಇಳಿಯುವ ರಂಧ್ರ, ಅದರ ಬಾಯಲ್ಲಿ ಮುಂಗಾಲು ಚಾಚಿ ಕೂತ ಹಿಪ್ಪಾಸಾ. ಕಾಲ ಸಪ್ಪಳಕ್ಕೇ ಒಳಗೆ ಓಡಿಬಿಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಅಪಾಯಕಾರಿ ಆಲಿಕೆಬಲೆ ಜೇಡದ ವಿಡಿಯೋ ನೋಡಿದವರು ಇದನ್ನೂ ಅದೇ ಎಂದುಕೊಳ್ಳುವುದುಂಟು. ಆ ಗುಂಪು ಆಸ್ಟ್ರೇಲಿಯಾದ್ದೇ. ಹಿಪ್ಪಾಸಾ ತೋಳ ಜೇಡಗಳ ಕುಟುಂಬಕ್ಕೆ ಸೇರಿದ ಸಾಧು ಪ್ರಾಣಿ.

ಬಲೆ ಕಟ್ಟದ ಬೇಟೆಗಾರರು

ಮೋಟು ಮೈ, ಚೌಕ ಮುಖ, ಮುಂದುಗಡೆ ಎರಡು ದೊಡ್ಡ ಕಣ್ಣು. ಬೆರಳು ಆಡಿಸಿದರೆ ಮೈಯನ್ನೇ ತಿರುಗಿಸಿ ನೋಡುತ್ತದೆ. ಇದು ನೆಗೆಯುವ ಜೇಡ. ಸಾಲ್ಟಿಸಿಡೇ ಎಂಬ ಈ ಕುಟುಂಬ ಜೇಡಗಳಲ್ಲೇ ಅತಿ ದೊಡ್ಡದು, 6,000ಕ್ಕೂ ಹೆಚ್ಚು ಪ್ರಭೇದಗಳು. ಸುಣ್ಣ ಬಳಿದ ಹೊರಗೋಡೆಯ ಮೇಲೆ ಬಿಸಿಲಲ್ಲಿ ನೊಣ ಹಿಡಿಯುವ ಚಪ್ಪಟೆ ಬೂದು ಜೇಡ ಮೆನೆಮೆರಸ್. ಕಿಟಕಿ, ಮೇಜಿನ ಮೇಲೆ ಓಡಾಡುವ ಕಪ್ಪು-ಬಿಳಿ ಪಟ್ಟೆಯ ಗಂಡು, ಕಂದು ಹೆಣ್ಣು ಪ್ಲೆಕ್ಸಿಪ್ಪಸ್. ನೆಗೆತಕ್ಕೆ ಬೇಕಾದ ಬಲ ಬರುವುದು ಹಿಂಗಾಲಿನೊಳಗೆ ದ್ರವದ ಒತ್ತಡ ಥಟ್ಟನೆ ಏರುವುದರಿಂದ, ದಪ್ಪ ತೊಡೆಯಿಂದಲ್ಲ. ನೆಗೆಯುವ ಮುನ್ನ ಒಂದು ಎಳೆಯನ್ನು ಗೋಡೆಗೆ ಅಂಟಿಸುವುದನ್ನು ಮರೆಯುವುದಿಲ್ಲ. ಮಕ್ಕಳಿಗೆ ಜೇಡದ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ನೋಡಿದರೆ ತಿರುಗಿ ನೋಡುತ್ತದೆ, ಕಚ್ಚುವ ಗೋಜಿಗೆ ಹೋಗುವುದಿಲ್ಲ.

ಇದೇ ಕುಟುಂಬದ ಇರುವೆ ಜೇಡಗಳು ನಡೆ, ನಡು, ಬಣ್ಣ ಎಲ್ಲದರಲ್ಲೂ ಇರುವೆಯನ್ನು ಅನುಕರಿಸುತ್ತವೆ. ಮುಂಗಾಲು ಎರಡನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತವೆ. ಗುರುತು ಹಿಡಿಯಬೇಕೆಂದರೆ ಕೊಂಬೆಯನ್ನು ಮೆಲ್ಲಗೆ ತಟ್ಟಿ: ಇರುವೆ ಉದುರುತ್ತದೆ ಇಲ್ಲವೇ ಓಡುತ್ತದೆ, ಇದು ಎಳೆ ಬಿಟ್ಟು ತೂಗಾಡುತ್ತದೆ.

ಸೇವಂತಿಗೆ, ಚೆಂಡುಹೂವಿನ ಮೇಲೆ ಬಿಳಿಯದೋ ಹಳದಿಯದೋ ಜೇಡ ಮುಂಗಾಲು ನಾಲ್ಕನ್ನು ಅಗಲಿಸಿ ಅಲುಗಾಡದೆ ಕೂತಿದ್ದರೆ ಅದು ಏಡಿ ಜೇಡ, ಥಾಮಿಸಸ್. ಅಡ್ಡಡ್ಡ ನಡೆಯುತ್ತದೆ. ಕೂತ ಹೂವಿಗೆ ತಕ್ಕಂತೆ ಕೆಲವು ಪ್ರಭೇದಗಳು ಕೆಲವೇ ದಿನಗಳಲ್ಲಿ ಬಣ್ಣ ಬದಲಿಸಬಲ್ಲವು. ಹೂವಿನ ಮೇಲೆ ಜೇನ್ನೊಣವೊಂದು ಬಹಳ ಹೊತ್ತು ಕದಲದೆ ಕೂತಿದೆ ಎನಿಸಿದರೆ ಬಗ್ಗಿ ನೋಡಿ, ಅದರ ಕತ್ತು ಏಡಿ ಜೇಡದ ಬಾಯಲ್ಲಿರುತ್ತದೆ.

ಬೇವು, ಮಾವು, ಹುಣಸೆಯ ಬೊಡ್ಡೆಯ ಮೇಲೆ ತೊಗಟೆಯ ಬಣ್ಣಕ್ಕೇ ಬಣ್ಣ ಕೂಡಿಸಿ ಅಂಟಿಕೊಂಡಿರುವುದು ಹರ್ಸಿಲಿಯಾ, ಎರಡು ಬಾಲದ ಜೇಡ. ಬಾಲದಂತೆ ಕಾಣುವವು ನೂಲು ಬಿಡುವ ಉದ್ದನೆಯ ಅಂಗಗಳು. ಇರುವೆ ಹತ್ತಿರ ಬಂದರೆ ಅದರ ಸುತ್ತ ಗರಗರ ತಿರುಗಿ ನೂಲಿನಿಂದ ಬೊಡ್ಡೆಗೇ ಕಟ್ಟಿಹಾಕುತ್ತದೆ. ಬೆರಳು ತಂದರೆ ಬೊಡ್ಡೆಯ ಆಚೆ ಬದಿಗೆ ಓಡುತ್ತದೆ.

ನೆಲದ ಮೇಲೆ ಓಡಾಡುವ ತೋಳ ಜೇಡಗಳನ್ನು ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹುಡುಕಬೇಕು. ಬ್ಯಾಟರಿಯನ್ನು ಹಣೆಯ ಮಟ್ಟಕ್ಕೆ ಹಿಡಿದು ಹೊಲದ ಬದು ನೋಡಿದರೆ ಹಸಿರು ಮಿಶ್ರಿತ ಬಿಳಿ ಚುಕ್ಕೆಗಳು ಮಿನುಗುತ್ತವೆ. ಅವೆಲ್ಲ ತೋಳ ಜೇಡದ ಕಣ್ಣು. ಹೆಣ್ಣು ದುಂಡನೆಯ ಮೊಟ್ಟೆಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ತಿರುಗುತ್ತದೆ, ಮರಿಗಳು ಹೊರಬಂದ ಮೇಲೆ ಬೆನ್ನ ಮೇಲೆ ಹೊರುತ್ತದೆ. ಬೆನ್ನೆಲ್ಲ ಗುಳ್ಳೆ ಎದ್ದಂತೆ ಕಾಣುವ ಜೇಡವನ್ನು ಹೊಡೆದರೆ ಗುಳ್ಳೆಗಳೆಲ್ಲ ಚೆದುರಿ ಓಡುವುದು ಈ ಕಾರಣಕ್ಕೆ.

ಗೋಡೆ ಮತ್ತು ಸೂರು

ಮನೆಯೊಳಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಹೆಟೆರೋಪೋಡಾ ವೆನಟೋರಿಯಾ. ಚಪ್ಪಟೆ ಮೈ, ಪಕ್ಕಕ್ಕೆ ಚಾಚಿದ ಉದ್ದ ಕಾಲು, ಕಾಲಿನಿಂದ ಕಾಲಿಗೆ 10 ಸೆಂಟಿಮೀಟರಿನವರೆಗೂ ಅಗಲ. ಮುಖದ ಮೇಲೆ ಕೆನೆಬಣ್ಣದ ಪಟ್ಟಿ. ರಾತ್ರಿ ಅಡುಗೆಮನೆಯ ಗೋಡೆಯ ಮೇಲೆ ಕದಲದೆ ನಿಂತಿದ್ದು, ದೀಪ ಹಾಕಿದಾಗ ಮಿಂಚಿನ ವೇಗದಲ್ಲಿ ಕಪಾಟಿನ ಹಿಂದೆ ಸರಿಯುತ್ತದೆ. ಹೆಣ್ಣು ದುಂಡು ಬಿಲ್ಲೆಯಾಕಾರದ ಬಿಳಿ ಮೊಟ್ಟೆಚೀಲವನ್ನು ಹೊಟ್ಟೆಯಡಿ ಅಪ್ಪಿಕೊಂಡು ವಾರಗಟ್ಟಲೆ ತಿರುಗುವುದುಂಟು. ಜಿರಳೆ ಇದರ ಮುಖ್ಯ ಆಹಾರ. ಬರಿಗೈಯಲ್ಲಿ ಹಿಡಿದರೆ ಕಚ್ಚಬಹುದು, ನೋವೂ ಆಗುತ್ತದೆ, ಅಪಾಯವಿಲ್ಲ. ಮನೆಯಲ್ಲಿ ಬೇಡವೆನಿಸಿದರೆ ಅಗಲ ಬಾಯಿಯ ಡಬ್ಬಿ ಮುಚ್ಚಿ, ಅಡಿಯಲ್ಲಿ ರಟ್ಟು ತೂರಿಸಿ ಹಿತ್ತಲಿಗೆ ಬಿಡುವುದು ಐದು ನಿಮಿಷದ ಕೆಲಸ.

ದಸರೆಗೆ, ದೀಪಾವಳಿಗೆ ಸೂರು ಜಾಡಿಸುವಾಗ ಪೊರಕೆಗೆ ಸುತ್ತಿಕೊಳ್ಳುವ ಧೂಳುಬಲೆ ಹೆಚ್ಚಾಗಿ ಕ್ರಾಸೊಪ್ರೈಜಾ ಲಯೋನಿಯದು. ಕೂದಲೆಳೆಯ ಕಾಲು, ಪುಟ್ಟ ಮೈ, ಹೊಟ್ಟೆಯ ತುದಿಯಲ್ಲಿ ಮೊನೆ. ಮುಟ್ಟಿದರೆ ಬಲೆಯಲ್ಲೇ ಗಿರಗಿರ ಅಲುಗಾಡುತ್ತದೆ. ಮೊಟ್ಟೆಗಳನ್ನು ತೆಳು ಎಳೆಯಲ್ಲಿ ಕಟ್ಟಿ ಬಾಯಲ್ಲೇ ಹಿಡಿದಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ ಎಂಬುದನ್ನು ಥಾಯ್ಲೆಂಡಿನಲ್ಲಿ ಅಧ್ಯಯನ ಮಾಡಿದ್ದಾರೆ. ಉದ್ದಗಾಲಿನ ಜೇಡಕ್ಕೆ ಜಗತ್ತಿನಲ್ಲೇ ಘೋರ ವಿಷವಿದೆ, ಹಲ್ಲು ಮಾತ್ರ ಚಿಕ್ಕದು ಎಂಬ ಕಥೆ ಮೊಬೈಲಿನಲ್ಲಿ ಸುತ್ತಾಡುತ್ತದೆ, ಅದಕ್ಕೆ ಆಧಾರವಿಲ್ಲ.

ತೊಗರಿ ಹೊಲದಲ್ಲಿ

ಹಿತ್ತಲಿನ ಗಡಿ ದಾಟಿದರೆ ಹೊಲ, ಜೇಡಗಳಿಗೆ ಆ ಗಡಿ ಇಲ್ಲ. ಸೋಯಾಬೀನ್ ಮತ್ತು ತೊಗರಿಯ ಮೇಲೆ ಓಡಾಡುವ ಚೂಪು ಹೊಟ್ಟೆಯ, ಕಾಲಿನ ತುಂಬ ಮುಳ್ಳುಕೂದಲಿನ ಚುರುಕು ಜೇಡ ಆಕ್ಸಿಯೋಪಸ್; ಎಲೆಗೆ ಎಲೆಯೇ ಆಗಿ ಕೂರುವ ಹಸಿರು ಬಣ್ಣದ್ದು ಪ್ಯೂಸಿಶಿಯಾ. ಎರಡೂ ಲಿಂಕ್ಸ್ ಜೇಡಗಳ ಕುಟುಂಬದವು, ಬಲೆ ಕಟ್ಟದೆ ಬೆಕ್ಕಿನ ಹೆಜ್ಜೆಯಲ್ಲಿ ಬೇಟೆಯಾಡುತ್ತವೆ. ಜಿಗಿಹುಳ, ಪತಂಗ, ಕಾಯಿಕೊರಕದ ಎಳೆಯ ಮರಿಗಳು ಇವುಗಳ ಆಹಾರ.

ಕಲ್ಯಾಣ ಕರ್ನಾಟಕದ ತೊಗರಿ ಬೆಳೆಗಾರರಿಗೆ ಗಿಡ ಅಲುಗಿಸಿ ಕೀಡೆ ಉದುರಿಸುವ ಪದ್ಧತಿ ಗೊತ್ತು. ಸಾಲಿನ ನಡುವೆ ತಾಡಪತ್ರಿಯನ್ನೋ ಹಳೆಯ ಸೀರೆಯನ್ನೋ ಹಾಸಿ ಗಿಡ ಅಲ್ಲಾಡಿಸಿದರೆ ಕಾಯಿಕೊರಕಗಳು ಉದುರುತ್ತವೆ. ಜೇಡತಜ್ಞರು ಪೊದೆಯ ಜೇಡಗಳನ್ನು ಸಂಗ್ರಹಿಸುವುದೂ ಹೀಗೆಯೇ, ಬಿಳಿ ಬಟ್ಟೆ ಹಿಡಿದು ಕೊಂಬೆ ಬಡಿದು. ಬಟ್ಟೆಯ ಮೇಲೆ ಬಿದ್ದದ್ದನ್ನು ಒಮ್ಮೆ ಕೂತು ನೋಡಿದರೆ ಹೊಲದಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ: ಕೀಡೆಗಳು ಮುದುಡಿ ಬಿದ್ದಿರುತ್ತವೆ, ಲಿಂಕ್ಸ್ ಜೇಡಗಳು ಬಿದ್ದ ಕ್ಷಣವೇ ಅಂಚಿಗೆ ನೆಗೆದು ಓಡುತ್ತವೆ. ಕೀಡೆಗಳನ್ನು ನಾಶಮಾಡುವ ಮುನ್ನ ಜೇಡಗಳನ್ನು ಹೋಗಗೊಟ್ಟರೆ ರೈತನಿಗೇ ಲಾಭ. ಸಿಂಥೆಟಿಕ್ ಪೈರೆಥ್ರಾಯಿಡ್ ಗುಂಪಿನ ಕೀಟನಾಶಕಗಳು ಕೀಡೆಯಷ್ಟೇ ಜೇಡವನ್ನೂ ಕೊಲ್ಲುತ್ತವೆ, ಮತ್ತೆ ಹೊಲ ತುಂಬುವುದರಲ್ಲಿ ಕೀಡೆಯೇ ಮುಂದು.

ಜೇಡವಲ್ಲದವು, ಜೇಡದ ಮೇಲಿನ ದೂರು

ಎಂಟು ಕಾಲಿದ್ದದ್ದೆಲ್ಲ ಜೇಡವಲ್ಲ. ಮಿರಗದ ಮಳೆ ಬಿದ್ದಾಗ ಹೊಲದಲ್ಲಿ ಹರಿದಾಡುವ ಮಖಮಲ್ಲಿನ ಕೆಂಪು ಹುಳ ನುಸಿಗಳ ಗುಂಪಿನದು. ಒಣ ನೆಲದಲ್ಲಿ ರಾತ್ರಿ ಗಾಳಿಯ ವೇಗದಲ್ಲಿ ಓಡುವ, ಮುಂದೆ ದೊಡ್ಡ ಇಕ್ಕಳದ ದವಡೆಯ ಒಂಟೆ ಜೇಡವೂ ನಿಜವಾದ ಜೇಡವಲ್ಲ; ಅದಕ್ಕೆ ವಿಷಗ್ರಂಥಿಯಿಲ್ಲ, ನೂಲೂ ಇಲ್ಲ.

ಇನ್ನು ದೂರಿನ ಮಾತು. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದಾಗ ಕತ್ತು, ಕೆನ್ನೆ, ತೋಳಿನ ಮೇಲೆ ಗೆರೆ ಎಳೆದಂತೆ ಕೆಂಪಗಾಗಿ, ಉರಿದು, ಗುಳ್ಳೆ ಏಳುವುದು ಬಹಳ ಜನಕ್ಕೆ ಆಗುತ್ತದೆ. ಜೇಡ ಮೈಮೇಲೆ ಉಚ್ಚೆ ಹೊಯ್ದಿದೆ ಎಂಬ ಮಾತು ಮನೆಮಾತಾಗಿದೆ; ಕನ್ನಡ, ಮರಾಠಿ, ಉರ್ದು ಯಾವ ಮನೆಯಲ್ಲೂ ಈ ನಂಬಿಕೆ ಕೇಳಬಹುದು. ಜೇಡದ ವಿಸರ್ಜನೆಯಿಂದ ಹೀಗಾಗುವುದಿಲ್ಲ. ಕಾರಣ ಪೀಡರಸ್ ಎಂಬ ಸಣ್ಣ ದುಂಬಿ. 7ರಿಂದ 10 ಮಿಲಿಮೀಟರ್ ಉದ್ದ, ಸಪೂರ ಮೈ, ಕಿತ್ತಳೆ-ಕಪ್ಪು ಪಟ್ಟೆ, ನೋಡಲು ದೊಡ್ಡ ಇರುವೆ. ತೇವದ ಹೊಲಗಳಲ್ಲಿ ಬೆಳೆದು ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಮನೆಯೊಳಗೆ ಬರುತ್ತದೆ. ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ನಿದ್ದೆಯಲ್ಲಿ ಕೈಯಿಂದ ಉಜ್ಜಿ ಹಿಸುಕಿದಾಗ ಅದರ ಮೈರಸದಲ್ಲಿರುವ ಪೆಡರಿನ್ ಎಂಬ ವಿಷ ಚರ್ಮಕ್ಕೆ ಸವರಿಕೊಳ್ಳುತ್ತದೆ. ಉರಿ ಕಾಣಿಸುವುದು ಒಂದೆರಡು ದಿನದ ಮೇಲೆ. ಅಷ್ಟರಲ್ಲಿ ದುಂಬಿಯ ಗುರುತೂ ಉಳಿದಿರುವುದಿಲ್ಲ. ಮೂಲೆಯಲ್ಲಿ ಕಣ್ಣಿಗೆ ಬೀಳುವುದು ಜೇಡ, ತಪ್ಪು ಅದರ ತಲೆಗೆ. ಮೊಣಕೈ ಮಡಿಕೆಯಲ್ಲಿ ಗಾಯವಾದರೆ ಮಡಿಕೆಯ ಎರಡೂ ಬದಿಗೆ ಒಂದೇ ಆಕಾರದ ಗುರುತು ಮೂಡುವುದು ಪೀಡರಸ್‌ನ ಖಾತ್ರಿ ಲಕ್ಷಣ. ಹುಳ ಮೈಮೇಲೆ ಕಂಡರೆ ಉಜ್ಜದೆ ಊದಿ ಹಾರಿಸಬೇಕು, ಹಿಸುಕಿದ್ದು ಗೊತ್ತಾದರೆ ತಡಮಾಡದೆ ಸೋಪು ನೀರಿನಲ್ಲಿ ತೊಳೆಯಬೇಕು.

ಮೈಯ ಒಂದೇ ಬದಿಗೆ ಪಟ್ಟಿಯಂತೆ ಗುಳ್ಳೆ ಎದ್ದು ವಿಪರೀತ ನೋವಿದ್ದರೆ ಅದು ಸರ್ಪಸುತ್ತು ಇರಬಹುದು, ವೈರಸ್ಸಿನ ರೋಗ. ಅದಕ್ಕೆ ಮೊದಲ ಮೂರು ದಿನದೊಳಗೆ ಔಷಧಿ ಶುರುವಾದರೆ ಗುಣ ಹೆಚ್ಚು. ಜೇಡದ ಉಚ್ಚೆ ಎಂದು ಮನೆಮದ್ದು ಹಚ್ಚುತ್ತ ಕೂತು ಆ ಮೂರು ದಿನ ಕಳೆದುಕೊಳ್ಳುವುದೇ ಈ ನಂಬಿಕೆಯ ನಿಜವಾದ ಕೇಡು.

ಎಚ್ಚರ ಬೇಕಾದವು

ಕಂದು ವಿಧವೆ ಜೇಡ, ಲ್ಯಾಟ್ರೊಡೆಕ್ಟಸ್ ಜಿಯೋಮೆಟ್ರಿಕಸ್, ಭಾರತದಲ್ಲಿ ಮೊದಲು ವರದಿಯಾದದ್ದು 2007ರಲ್ಲಿ, ನೆರೆಯ ಮಹಾರಾಷ್ಟ್ರದಿಂದ. ಬೀದರ ಗಡಿ ಜಿಲ್ಲೆಯಾದ್ದರಿಂದ ಅದರ ಲಕ್ಷಣ ತಿಳಿದಿರುವುದು ಒಳ್ಳೆಯದು. ನೆಲಕ್ಕೆ ಹತ್ತಿರ, ಕುಂಡದ ಅಂಚಿನಡಿ, ಇಟ್ಟಿಗೆ ರಾಶಿ, ಪ್ಲಾಸ್ಟಿಕ್ ಕುರ್ಚಿಯ ಅಡಿಭಾಗದಲ್ಲಿ ಆಕಾರವಿಲ್ಲದ ಗೋಜಲು ಬಲೆ. ಎಳೆ ಕಡ್ಡಿಯಿಂದ ಎಳೆದರೆ ಗಟ್ಟಿ. ಗೋಲಿಯಂಥ ಹೊಟ್ಟೆ, ಅದರ ಅಡಿಯಲ್ಲಿ ಮರಳುಗಡಿಯಾರದ ಆಕಾರದ ಕಿತ್ತಳೆ ಗುರುತು. ಎಲ್ಲಕ್ಕಿಂತ ಸುಲಭದ ಗುರುತು ಮೊಟ್ಟೆಚೀಲ: ದುಂಡಗಿದ್ದು ಮೇಲೆಲ್ಲ ಸಣ್ಣ ಮೊನೆಗಳಿರುತ್ತವೆ.

ಜಂಬಿಟ್ಟಿಗೆಯ ದಿಣ್ಣೆಗಳಲ್ಲಿ ನೂಲಿನಿಂದ ಒಳಗೋಡೆ ಹೊದಿಸಿದ ಗುಂಡು ಬಿಲ ಕಂಡರೆ ಬೆರಳು, ಕಡ್ಡಿ ತೂರಿಸಬಾರದು. ದಪ್ಪ ಕೂದಲಿನ, ಹಲ್ಲು ಕೆಳಮುಖವಾಗಿ ಚುಚ್ಚುವ ಟರಾಂಟುಲಾಗಳು ಅಂಥ ಬಿಲದವು. ಅವುಗಳ ಕಡಿತ ತುಂಬ ನೋಯುತ್ತದೆ. ಮಡಚಿದ ಎಲೆಯೊಳಗಿನ ತಿಳಿಹಳದಿ ಚೀಲ ಜೇಡ, ಕೈರಾಕ್ಯಾಂಥಿಯಮ್, ಕಚ್ಚಿದರೆ ಕಣಜ ಕಡಿದಷ್ಟು ಉರಿ.

ಯಾವ ಜೇಡ ಕಚ್ಚಿದರೂ ಸೋಪು ನೀರಿನಿಂದ ತೊಳೆದು ತಣ್ಣೀರ ಬಟ್ಟೆ ಇಡಬೇಕು. ಕೊಯ್ಯುವುದು, ಬಾಯಿಂದ ಹೀರುವುದು, ಸುಣ್ಣ ಹಚ್ಚುವುದು ಬೇಡ. ನೋವು ಮೇಲಕ್ಕೇರಿದರೆ, ಹೊಟ್ಟೆ ಸೆಟೆದರೆ, ಬೆವರು ಕಿತ್ತುಬಂದರೆ, ಕಚ್ಚಿಸಿಕೊಂಡವರು ಚಿಕ್ಕ ಮಕ್ಕಳಾಗಿದ್ದರೆ ಭಾಲ್ಕಿ, ಔರಾದಿನ ತಾಲೂಕು ಆಸ್ಪತ್ರೆಗೋ ಬೀದರಿನ ಬ್ರಿಮ್ಸ್ ಬೋಧನಾ ಆಸ್ಪತ್ರೆಗೋ ಹೋಗಬೇಕು. ಜೇಡವನ್ನು ಡಬ್ಬಿಯಲ್ಲಿ ಹಿಡಿದೊಯ್ದರೆ, ಆಗದಿದ್ದರೆ ಫೋಟೋ ತೆಗೆದೊಯ್ದರೆ ವೈದ್ಯರಿಗೆ ಅನುಕೂಲ.

ಅಧ್ಯಯನ ಮತ್ತು ದಾಖಲೆ

ಭಾರತದ ಜೇಡಗಳ ಮೊದಲ ದೊಡ್ಡ ಗ್ರಂಥ 1900ರಲ್ಲಿ ಬಂದ ಪೋಕಾಕ್‌ನ ಸಂಪುಟ, ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತು ಮಾಲೆಯಲ್ಲಿ. ಸ್ವಾತಂತ್ರ್ಯಾನಂತರ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ಬಿ. ಕೆ. ಟಿಕಾದಾರ್ 1980 ಮತ್ತು 1982ರಲ್ಲಿ ಎರಡು ಸಂಪುಟಗಳನ್ನೂ 1987ರಲ್ಲಿ ಕೈಪಿಡಿಯನ್ನೂ ಹೊರತಂದರು. ಪ್ರಭೇದವನ್ನು ಖಚಿತಪಡಿಸಲು ಇಂದಿಗೂ ಸೂಕ್ಷ್ಮದರ್ಶಕದಡಿ ಗಂಡು ಹೆಣ್ಣಿನ ಜನನಾಂಗಗಳ ರಚನೆ ನೋಡಬೇಕು. ಹಿತ್ತಲಿನಲ್ಲಿ ನಿಂತು ನೋಡುವವರು ಕುಟುಂಬ, ಕುಲದವರೆಗೆ ಹೇಳಿದರೆ ಸಾಕು, ಅಪಾಯವಿದೆಯೋ ಇಲ್ಲವೋ ಎಂಬುದಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಹಿತ್ತಲಿನ ಜೇಡಗಳ ಪಟ್ಟಿ ಮಾಡಲು ಒಂದು ಅಡ್ಡದಾರಿ ಇದೆ. ಬಾಗಿಲ ಮೂಲೆ, ಕಿಟಕಿ ಚೌಕಟ್ಟಿಗೆ ಮಣ್ಣಿನ ಗೂಡು ಕಟ್ಟುವ ಕಣಜ ಪ್ರತಿ ಕೋಣೆಯಲ್ಲೂ ಜೇಡಗಳನ್ನು ಚುಚ್ಚಿ ಮಂಕಾಗಿಸಿ ತುಂಬಿ, ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಸುಣ್ಣ ಬಳಿಯುವ ಮುನ್ನ ಗೂಡು ಕೆರೆದು ತೆಗೆಯುವಾಗ ಹೊಸ ಕೋಣೆಯೊಂದನ್ನು ಬಿಡಿಸಿ ನೋಡಿದರೆ ಏಡಿ ಜೇಡ, ನಿಯೋಸ್ಕೋನಾ ಮರಿ, ಲಿಂಕ್ಸ್ ಎಲ್ಲ ಒತ್ತೊತ್ತಾಗಿ ಸಿಗುತ್ತವೆ, ಕಾಲು ಇನ್ನೂ ಮೆಲ್ಲಗೆ ಮಿಸುಕುತ್ತಿರುತ್ತದೆ.

ಫೋಟೋ ತೆಗೆಯುವವರು ಒಂದೇ ಚಿತ್ರಕ್ಕೆ ನಿಲ್ಲಬಾರದು. ಬೆನ್ನಿನ ಕಡೆಯಿಂದ ಒಂದು, ಹೊಟ್ಟೆಯಡಿಯಿಂದ ಒಂದು, ಮುಖದ ಕಣ್ಣುಗಳು ಕಾಣುವಂತೆ ಒಂದು, ಇಡೀ ಬಲೆ ಬರುವಂತೆ ಇನ್ನೊಂದು. ಬಲೆ ಕಾಣದಿದ್ದರೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿದರೆ ಎಳೆಗಳು ಎದ್ದುಬರುತ್ತವೆ. ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ, ಕೆಳಗೆ ದಿನಾಂಕ, ಊರು, ಗಿಡದ ಹೆಸರು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ತಾಣಗಳಲ್ಲಿ ಇಂಥ ಚಿತ್ರ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ, ಭಾಲ್ಕಿಯದೋ ಔರಾದದ್ದೋ ಒಂದು ಹಿತ್ತಲಿನ ಜೇಡ ದಾಖಲೆಗೆ ಸೇರುತ್ತದೆ.